ಬಿಸಿಲಿಲ್ಲದ ಸಮೀಕರಣ

ಬೆಳಗಾದರೆ ನಮ್ಮ ನಡುಮನೆಯಲ್ಲಿ ಒಂದು ವಾಸನೆ ಏಳುತ್ತದೆ. ಒಗ್ಗರಣೆಯದಲ್ಲ, ಊದುಬತ್ತಿಯದೂ ಅಲ್ಲ. ಮೊಮ್ಮಗಳು ಶಾಲೆಗೆ ಹೊರಡುವ ಮೊದಲು ಮುಖಕ್ಕೆ ಬಳಿದುಕೊಳ್ಳುವ ಸನ್‌ಸ್ಕ್ರೀನಿನದು. ಬಿಟಿಎಂ ಲೇಔಟಿನ ನಮ್ಮ ಫ್ಲ್ಯಾಟಿನಿಂದ ಸ್ಕೂಲ್ ಬಸ್ಸು ನಿಲ್ಲುವ ಮೂಲೆಗೆ ನಾಲ್ಕು ಹೆಜ್ಜೆ. ಬೀದಿಯ ಎರಡೂ ಕಡೆ ಪಿಜಿಗಳು ಅಂತಸ್ತಿನ ಮೇಲೆ ಅಂತಸ್ತು ಏರಿಸಿಕೊಂಡು ನಿಂತಿವೆ, ಸೂರ್ಯ ಮಧ್ಯಾಹ್ನ ಒಂದು ಗಳಿಗೆ ಇಣುಕಿ ನೋಡಿ ಹೋಗುತ್ತಾನೆ. ಇಂಥ ಬೀದಿಯಲ್ಲಿ ಈ ಹುಡುಗಿ ಯಾವ ಬಿಸಿಲಿಗೆ ಹೆದರುತ್ತಾಳೋ ನನಗೆ ತಿಳಿಯದು. ಮೊನ್ನೆ ಹೀಗೆಯೇ ಕನ್ನಡಿಯ ಮುಂದೆ ನಿಂತು ಕೆನ್ನೆ ತಿಕ್ಕಿಕೊಳ್ಳುತ್ತ ಬಾಯಲ್ಲಿ ಏನೋ ಮಣಮಣ ಅನ್ನುತ್ತಿದ್ದಳು. ಕಿವಿಗೊಟ್ಟು ಕೇಳಿದೆ. "ಸಿಕ್ಸ್ ಸಿ ಓ ಟೂ ಪ್ಲಸ್ ಸಿಕ್ಸ್ ಎಚ್ ಟೂ ಓ..." ಗಿಡ ತನ್ನ ಅನ್ನವನ್ನು ತಾನೇ ಮಾಡಿಕೊಳ್ಳುವ ಸಮೀಕರಣ. ಅವತ್ತು ಸೈನ್ಸ್ ಟೆಸ್ಟಂತೆ.

"ಬಿಸಿಲೆಲ್ಲೇ ಇದರಲ್ಲಿ?" ಎಂದೆ.

"ಅದು ಆ್ಯರೋ ಮೇಲೆ ಬರಿಯೋದು ಅಜ್ಜಿ. ಅದಕ್ಕೆ ಹಾಫ್ ಮಾರ್ಕ್ ಅಷ್ಟೇ," ಎಂದು ಚೀಲ ಹೆಗಲಿಗೇರಿಸಿ ಹೊರಟುಹೋದಳು.

ನಾನು ಒಬ್ಬಳೇ ಕೂತು ನಕ್ಕೆ. ಯಾಕೆಂದರೆ ಈ ಸಮೀಕರಣವನ್ನು ಬಿಸಿಲು ಬಿಟ್ಟು ಹೇಳುವುದು ನಮ್ಮ ವಂಶಕ್ಕೆ ಹೊಸದಲ್ಲ. ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ಅದನ್ನು ರಾಗ ಹಾಕಿ, ತಾಳ ಹಾಕಿ ಹಾಡುತ್ತಿದ್ದೆವು. ನಗಬೇಡಿ. ತಾಳ ಹಾಕುತ್ತಿದ್ದವಳು ನಾನೇ.

ಅಪ್ಪಾಜಿ ತುಮಕೂರು ಕಡೆಯಿಂದ ಸರ್ಕಾರಿ ನೌಕರಿ ಹಿಡಿದು ಬೆಂಗಳೂರಿಗೆ ಬಂದವರು. ಜಯನಗರ ಆಗಿನ್ನೂ ಕಣ್ಣು ಬಿಡುತ್ತಿತ್ತು. ಅಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದಾಗ ನೆಂಟರೆಲ್ಲ "ಪಾಪ, ಕಾಡು ಸೇರ್ಕೊಂಡ್ರು" ಎಂದು ಮರುಗಿದರಂತೆ. ಕಾಡಾಗಿದ್ದರೆ ನೆರಳಾದರೂ ಇರುತ್ತಿತ್ತು. ಅಲ್ಲಿದ್ದದ್ದು ಕೆಮ್ಮಣ್ಣಿನ ರಸ್ತೆ, ನೆಟ್ಟ ಸೈಟುಗಲ್ಲು, ಬಿದಿರಿನ ಬೇಲಿಯೊಳಗೆ ಉಸಿರು ಹಿಡಿದುಕೊಂಡಿದ್ದ ಮೊಳಕಾಲುದ್ದದ ಸಸಿಗಳು. ಬಿಳೇಕಹಳ್ಳಿ ಕಡೆಯಿಂದ ಸೊಪ್ಪಿನ ಕುಕ್ಕೆ ಹೊತ್ತು ಬರುತ್ತಿದ್ದ ಹೆಂಗಸರು ನಮ್ಮ ಮನೆಯ ಗೋಡೆಯ ನೆರಳಿನಲ್ಲಿ ಕೂತು ದಣಿವಾರಿಸಿಕೊಂಡು ಮುಂದೆ ಹೋಗುತ್ತಿದ್ದರು. ನಮಗೆ ಏನಕ್ಕೆ ಬಡತನವಿದ್ದರೂ ಬಿಸಿಲಿಗೆ ಇರಲಿಲ್ಲ.

ಆ ಮನೆಯಲ್ಲಿ ನಮ್ಮ ಜೊತೆ ಅಪ್ಪಾಜಿಯ ಕೊನೆಯ ತಂಗಿ ಸರೋಜತ್ತೆ ಇದ್ದಳು. ನನಗಿಂತ ಎಂಟೊಂಬತ್ತು ವರ್ಷಕ್ಕೆ ದೊಡ್ಡವಳು. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯಗಳಲ್ಲೂ ಪಾಸಾಗಿ ವಿಜ್ಞಾನದಲ್ಲಿ ಮಾತ್ರ ಫೇಲಾಗಿದ್ದಳು. ಇನ್ನೊಂದು ಸಲ ಪರೀಕ್ಷೆ ಕಟ್ಟಿ, ಪಾಸಾಗಿ, ಟೀಚರ್ ಟ್ರೈನಿಂಗಿಗೆ ಸೇರಿ, ಸ್ಕೂಲಿನಲ್ಲಿ ಮೇಡಂ ಆಗಬೇಕೆಂಬುದು ಅವಳ ಆಸೆ. ಆಸೆ ಅಂದರೆ ಹಾಗೆ ಹೀಗಲ್ಲ. ಅನ್ನ ಬಸಿಯುವಾಗಲೂ, ಬಟ್ಟೆ ಹಿಂಡುವಾಗಲೂ ಅವಳ ಬಾಯಲ್ಲಿ ಅದೇ. ಆದರೆ ವಿಜ್ಞಾನಕ್ಕೆ ಒಂದು ಟ್ಯೂಷನ್ ಬೇಕು ಎಂದಾಗ ಅಪ್ಪಾಜಿ ಪೇಪರಿನಿಂದ ತಲೆ ಎತ್ತದೆ, "ಸೈನ್ಸ್ ಅಂದ್ರೆ ಕಾಮನ್ ಸೆನ್ಸ್. ಅದಕ್ಕೆ ಟ್ಯೂಷನ್ ಯಾಕೆ?" ಎಂದಿದ್ದರು. ಅವಳ ಪಠ್ಯಪುಸ್ತಕವನ್ನು ಅಪ್ಪಾಜಿಯ ತಾಯಿ, ನಮ್ಮಜ್ಜಿ, ಅಷ್ಟರಲ್ಲಾಗಲೇ ಪಕ್ಕದ ಬೀದಿಯವರ ಮಗಳಿಗೆ ದಾನ ಮಾಡಿಯಾಗಿತ್ತು.

ಹೀಗಿರುವಾಗ ಅಪ್ಪಾಜಿಯ ಆಫೀಸಿನವರೊಬ್ಬರು ಒಂದು ಸಂಬಂಧ ತಂದರು. ಹುಡುಗ ನಮ್ಮ ಪೈಕಿಯೇ, ಎಂ.ಎಸ್ಸಿ., ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಬಣ್ಣ ಎಣ್ಣೆಗೆಂಪು ಎಂದು ಹೇಳಿದ್ದರು. ಆಮೇಲೆ ನೋಡಿದೆವಲ್ಲ, ಆ ಎಣ್ಣೆ ಬಜ್ಜಿ ಕರಿದು ಉಳಿದದ್ದಿರಬೇಕು. ಹುಡುಗನ ಬಣ್ಣ ಯಾರಿಗೆ ಬೇಕು ಬಿಡಿ. ಅವರ ಕಡೆಯಿಂದ ಬಂದ ಬೇಡಿಕೆ ಎರಡು. ಹುಡುಗಿ ಬೆಳ್ಳಗಿರಬೇಕು, ಇದು ಹುಡುಗನ ತಾಯಿಯದು. ಹುಡುಗಿಗೆ ಸ್ವಲ್ಪ ವಿಜ್ಞಾನ ಗೊತ್ತಿರಬೇಕು, ಇದು ಹುಡುಗನದು. ನಮ್ಮವರಲ್ಲಿ ಹೆಣ್ಣು ನೋಡಲು ಬಂದವರು ಒಂದು ವಚನ ಹಾಡಿಸಿ, ಉಪ್ಪಿಟ್ಟು ತಿಂದು, "ತಿಳಿಸ್ತೀವಿ" ಎಂದು ಎದ್ದು ಹೋಗುವುದು ವಾಡಿಕೆ. ಈ ಪುಣ್ಯಾತ್ಮ ಹಾಡು ಬೇಡವೆಂದು ದ್ಯುತಿಸಂಶ್ಲೇಷಣೆಯ ಸಮೀಕರಣ ಕೇಳುತ್ತಾನಂತೆ. ಬಸವನಗುಡಿಯ ಒಂದು ಮನೆಯಲ್ಲಿ ಕೇಳಿ, ಆ ಹುಡುಗಿ ಅತ್ತು, ಸುದ್ದಿ ನಮ್ಮವರೆಗೂ ಬಂದಿತ್ತು. ಪ್ರಶ್ನೆಪತ್ರಿಕೆ ಮೊದಲೇ ಬಯಲಾಗಿದ್ದರಿಂದ ನಮ್ಮ ಮನೆಯಲ್ಲಿ ಹಬ್ಬದ ಕಳೆ ಬಂತು.

ಈಗ ನೋಡಿ ಮನುಷ್ಯರ ಲೆಕ್ಕಾಚಾರ. ಪರೀಕ್ಷೆಗೆ ಬೇಡವಾದ ಟ್ಯೂಷನ್ ಗಂಡಿಗೆ ಬೇಕಾಯಿತು. ಅಪ್ಪಾಜಿ ತಾವೇ ಎದ್ದು ಹೋಗಿ ಎರಡು ರಸ್ತೆ ಆಚೆ ಇದ್ದ ಒಬ್ಬ ನಿವೃತ್ತ ಮೇಷ್ಟ್ರನ್ನು ಕರೆತಂದರು. ಅವರು ಕನ್ನಡ, ಗಣಿತ, ಚರಿತ್ರೆ, ಯಾರಾದರೂ ರಜೆ ಹಾಕಿದರೆ ಡ್ರಿಲ್ಲು, ಎಲ್ಲವನ್ನೂ ಕಲಿಸಿದವರು. ಯಾವ ವಿಷಯವಾದರೂ ಅವರ ಕೈಗೆ ಸಿಕ್ಕರೆ ಮಗ್ಗಿಯಾಗುತ್ತಿತ್ತು. ಬಂದ ದಿನವೇ ಚಾಪೆಯ ಮೇಲೆ ಕೂತು, ಕಣ್ಣು ಮುಚ್ಚಿ, ಮೋಹನಕ್ಕೆ ದೂರದ ನೆಂಟನಂತಿದ್ದ ಒಂದು ರಾಗದಲ್ಲಿ ಶುರು ಮಾಡಿದರು. "ಆರು ಸಿ ಓ ಟೂ... ಕೂಡು... ಆರು ಎಚ್ ಟೂ ಓ... ಬಾಣಾ..." ಬಾಣ ಬಂದ ಕಡೆ ಒಂದು ಪುಟ್ಟ ಆಲಾಪನೆ. ಅದು ಮುಗಿದ ಮೇಲೆ ಸಕ್ಕರೆ, ಆಮ್ಲಜನಕ, ಮಂಗಳ. ಅತ್ತೆಗೆ ಲಯ ತಪ್ಪಬಾರದೆಂದು ನಾನು ತೊಡೆಯ ಮೇಲೆ ತಾಳ ಹಾಕಬೇಕು. ವಾರ ಕಳೆಯುವುದರೊಳಗೆ ಅಡುಗೆಮನೆಯಲ್ಲಿ ಅಮ್ಮನೂ ಅದನ್ನು ಗುನುಗತೊಡಗಿದಳು. ಅಪ್ಪಾಜಿ ಸ್ನಾನದ ಮನೆಯಲ್ಲಿ ಹಾಡುತ್ತಿದ್ದರು.

ಅಜ್ಜಿಗೆ ಮಾತ್ರ ಒಂದು ಅನುಮಾನ. ಹಣೆತುಂಬ ವಿಭೂತಿ ಧರಿಸಿ ಬಾಗಿಲ ಬಳಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದವಳು ಒಂದು ದಿನ, "ಎಲೆ ತಾನೇ ಸಕ್ಕರೆ ಮಾಡೋದಾದ್ರೆ ನಾವ್ಯಾಕೆ ಮೇಷ್ಟ್ರೇ ರೇಷನ್ ಅಂಗಡಿ ಮುಂದೆ ನಿಲ್ಬೇಕು?" ಎಂದಳು.

ಮೇಷ್ಟ್ರು ಕಣ್ಣು ತೆರೆಯದೆಯೇ, "ಅಮ್ಮಾ, ಅದು ಬೇರೆ ಸಕ್ಕರೆ," ಎಂದರು.

ವಿಜ್ಞಾನದ ವ್ಯವಸ್ಥೆ ಹೀಗಾದರೆ ಬಣ್ಣದ ವ್ಯವಸ್ಥೆ ಅಜ್ಜಿಯದು. ಹುಡುಗನ ಕಡೆಯವರು ಬರುವವರೆಗೆ ಸರೋಜತ್ತೆ ಹೊಸ್ತಿಲು ದಾಟಕೂಡದು ಎಂದು ಅಪ್ಪಣೆಯಾಯಿತು. ಹೊತ್ತಾರೆ ಕಡಲೆಹಿಟ್ಟು, ಅರಿಶಿನ; ಸಂಜೆ ಹಾಲಿನ ಕೆನೆ. ಬೇಸಿಗೆ ಶುರುವಾಗಿತ್ತು. ತಾರಸಿಯ ಮೇಲೆ ಹಪ್ಪಳ, ಸಂಡಿಗೆ, ಒಣಮೆಣಸಿನಕಾಯಿ, ಹಾಸಿಗೆ, ದಿಂಬು, ಉಪ್ಪಿನಕಾಯಿಯ ಜಾಡಿ, ನಮ್ಮ ಮನೆಯ ಸಕಲ ಚರಾಚರ ವಸ್ತುಗಳೂ ಬಿಸಿಲು ಕಾಯುತ್ತಿದ್ದವು. ಕಾಗೆ ಓಡಿಸಲು ಹಿಂದಿನ ವರ್ಷದವರೆಗೆ ಅತ್ತೆ ಹೋಗುತ್ತಿದ್ದಳು, ಆ ವರ್ಷ ನನ್ನನ್ನು ಅಟ್ಟಿದರು. ನನ್ನ ಬಣ್ಣ ಕೆಟ್ಟರೆ ಆಗ ಯಾರಿಗೂ ನಷ್ಟವಿರಲಿಲ್ಲ. ಕೆಳಗೆ ಕಿಟಕಿಯ ಸರಳು ಹಿಡಿದು ಅತ್ತೆ, "ಪುಟ್ಟೀ, ರಸ್ತೆಯಲ್ಲಿ ಯಾರು ಹೋಗ್ತಿದಾರೆ ಹೇಳೇ," ಎಂದು ಕೇಳುವಳು. ನಾನು ಮೇಲಿನಿಂದ ಕೂಗಿ ಹೇಳುವೆ.

ಎರಡು ವಾರಕ್ಕೆ ಅವಳು ನಿಜವಾಗಿಯೂ ಬಿಳಿಚಿಕೊಂಡಳು. ಅಜ್ಜಿಗೆ ಸಂತೋಷವೋ ಸಂತೋಷ. ಹಿತ್ತಿಲಲ್ಲಿ ಒಗೆಯುವ ಕಲ್ಲನ್ನು ಜರುಗಿಸಿದಾಗ ಅಡಿಯಲ್ಲಿದ್ದ ಹುಲ್ಲು ಇದೇ ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದ್ದೆ. ಹುಲ್ಲು ಹಾಗಾದರೆ ಸಾಯುತ್ತಿದೆ ಅನ್ನುತ್ತೇವೆ, ಹುಡುಗಿ ಹಾಗಾದರೆ ಲಕ್ಷಣವಾಗಿದ್ದಾಳೆ ಅನ್ನುತ್ತೇವೆ. ಆಗ ನನಗೆ ಇಷ್ಟೆಲ್ಲ ಹೊಳೆದಿರಲಿಲ್ಲ. ನಾನೂ "ಅತ್ತೆ ಚೆನ್ನಾಗಿ ಕಾಣ್ತಾಳೆ" ಎಂದೇ ಹೇಳುತ್ತಿದ್ದೆ.

ಹಾಡು ಬಾಯಿಗೆ ಬಂದಿತ್ತು, ಆದರೆ ಅತ್ತೆಗೆ ಅಷ್ಟು ಸಾಲದು. "ಮೇಷ್ಟ್ರೇ, ಈ ಆರು ಯಾಕೆ? ಒಂದೊಂದೇ ಇದ್ರೆ ಆಗಲ್ವಾ?" ಎಂದು ಕೇಳಿದಳು. ಮೇಷ್ಟ್ರು "ಪುಸ್ತಕದಲ್ಲಿ ಆರು ಅಂತಿದೆಯಮ್ಮ" ಎಂದರು. ಅದಕ್ಕಿಂತ ದೊಡ್ಡ ಕಾರಣ ಅವರಿಗೆ ಬೇಕಾಗಿರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅತ್ತೆ ನನ್ನನ್ನು ಉಗ್ರಾಣದ ಕೋಣೆಗೆ ಕರೆದಳು. ನೆಲದ ಮೇಲೆ ಹುಣಸೆಬೀಜ, ಸಾಸಿವೆ, ಕಡಲೆಕಾಳು ಹರಡಿಕೊಂಡಿದ್ದಳು. ಹುಣಸೆಬೀಜ ಅಂದರೆ ಇಂಗಾಲ, ಸಾಸಿವೆ ಅಂದರೆ ಜಲಜನಕ, ಕಡಲೆ ಅಂದರೆ ಆಮ್ಲಜನಕ. ಒಂದು ಹುಣಸೆಬೀಜದ ಅಕ್ಕಪಕ್ಕ ಎರಡು ಕಡಲೆ ಇಟ್ಟು, "ಇದು ಗಾಳಿಯಲ್ಲಿರೋದು," ಎಂದಳು. ಒಂದು ಕಡಲೆಗೆ ಎರಡು ಸಾಸಿವೆ ಅಂಟಿಸಿ, "ಇದು ನೀರು," ಎಂದಳು.

"ಈಗ ಸಕ್ಕರೆ ನೋಡು. ಅದಕ್ಕೆ ಆರು ಹುಣಸೆಬೀಜ ಬೇಕು. ಗಾಳಿಯ ಒಂದು ಗುಪ್ಪೆಯಲ್ಲಿ ಇರೋದು ಒಂದೇ. ಅದಕ್ಕೇ ಕಣೆ ಆರು ಗುಪ್ಪೆ. ಹನ್ನೆರಡು ಸಾಸಿವೆ ಬೇಕು, ನೀರಿನ ಒಂದು ಗುಪ್ಪೆಯಲ್ಲಿ ಎರಡೇ. ಅದಕ್ಕೂ ಆರು."

ಅವಳ ಬೆರಳುಗಳು ಬೇಗ ಬೇಗ ಓಡುತ್ತಿದ್ದವು. ಸಕ್ಕರೆಗೆ ಬೇಕಾದ ಆರು ಕಡಲೆಯನ್ನೂ ಸೇರಿಸಿ ಒಂದು ದೊಡ್ಡ ಗುಪ್ಪೆ ಮಾಡಿದಳು. ಉಳಿದ ಕಡಲೆಗಳನ್ನು ಜೋಡಿ ಜೋಡಿಯಾಗಿ ಪಕ್ಕಕ್ಕೆ ತಳ್ಳಿದಳು. ಆರು ಜೋಡಿ.

"ಇದನ್ನ ಗಿಡ ಹೊರಗೆ ಬಿಟ್ಬಿಡುತ್ತೆ. ಅದೇ ನಮ್ಮ ಉಸಿರು. ಒಂದು ಕಾಳೂ ಹೆಚ್ಚಿಲ್ಲ, ಒಂದು ಕಾಳೂ ಕಳೆದಿಲ್ಲ. ಎಲ್ಲಾ ಇದೆ ಪುಟ್ಟಿ, ಜಾಗ ಮಾತ್ರ ಬದಲಾಯ್ತು."

ನಾನು ಆ ವಯಸ್ಸಿನವರೆಗೆ ಯಾರ ಮುಖದಲ್ಲೂ ಅಂಥ ಬೆಳಕು ಕಂಡಿರಲಿಲ್ಲ. ಕಡಲೆಹಿಟ್ಟು ತಿಕ್ಕಿ ಬಂದ ಬಣ್ಣ ಅದರ ಮುಂದೆ ಏನೂ ಅಲ್ಲ. "ಈ ಸಲ ಸೆಪ್ಟೆಂಬರಿಗೆ ಕಟ್ಟಿಸು ಅಂತ ಅಣ್ಣನ್ನ ಕೇಳ್ತೀನಿ. ಗ್ಯಾರಂಟಿ ಪಾಸಾಗ್ತೀನಿ," ಎಂದಳು. ಅಣ್ಣ ಅಂದರೆ ನಮ್ಮ ಅಪ್ಪಾಜಿ. ಆಮೇಲೆ ಕಾಳುಗಳನ್ನು ದಿಟ್ಟಿಸುತ್ತ, "ಆದ್ರೆ ಇವು ತಾವಾಗೇ ಎದ್ದು ಹೋಗಿ ಸೇರ್ಕೊಳ್ಳಲ್ವಲ್ಲ. ಇಲ್ಲಿ ನಾನು ಕೈ ಹಾಕ್ದೆ. ಅಲ್ಲಿ ಕೈ ಹಾಕೋರು ಯಾರು?" ಎಂದು ತನ್ನನ್ನೇ ಕೇಳಿಕೊಂಡಳು.

ಮಾರನೆಯ ದಿನ ಮೇಷ್ಟ್ರು ಬಂದ ಕೂಡಲೇ, "ಬಾಣದ ಮೇಲೆ ಏನೋ ಬರೆದಿರುತ್ತಲ್ಲ ಮೇಷ್ಟ್ರೇ, ಅದು ಬಿಸಿಲಲ್ವಾ?" ಎಂದಳು.

"ಹೌದಮ್ಮ, ಬಿಸಿಲೂ ಒಂದು. ಅದು ಎಡಕ್ಕೂ ಸೇರಲ್ಲ, ಬಲಕ್ಕೂ ಸೇರಲ್ಲ. ತಾಳಕ್ಕೂ ಕೂರಲ್ಲ. ಬಿಟ್ಹಾಕು," ಎಂದು ಅವರು ಎಂದಿನಂತೆ ಬಾಣಾ ಎಂದು ರಾಗ ಎಳೆದರು.

ಕೊನೆಗೂ ಆ ಭಾನುವಾರ ಬಂತು. ಹುಡುಗ, ಅವರ ತಾಯಿ, ಸಂಬಂಧ ತಂದವರು, ಇನ್ನೂ ಇಬ್ಬರು ದೊಡ್ಡವರು ಟ್ಯಾಕ್ಸಿಯಿಂದ ಇಳಿದರು. ಹುಡುಗನ ಜೇಬಿನಲ್ಲಿ ಮೂರು ಪೆನ್ನು. ಗೇಟಿನ ಪಕ್ಕದ ಹೊಂಗೆಸಸಿಯನ್ನು ನೋಡಿ "ಬೇವೇ?" ಎಂದು ಕೇಳಿದರು. ಸಸ್ಯಶಾಸ್ತ್ರದ ಎಂ.ಎಸ್ಸಿ.ಯವರು ಕೇಳಿದ ಮೇಲೆ ಅಲ್ಲವೆನ್ನುವುದು ಹೇಗೆ? ಅಪ್ಪಾಜಿ "ಇರಬಹುದು" ಎಂದರು. ಉಪ್ಪಿಟ್ಟು, ಕೇಸರಿಭಾತು ಆಯಿತು. ಹುಡುಗನ ತಾಯಿ ಅತ್ತೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂರಿಸಿ, ಕೈ ಹಿಡಿದು ನೋಡಿ, ತಲೆಯಾಡಿಸಿದರು. ಮೊದಲನೆಯ ಪತ್ರಿಕೆ ಪಾಸು. ಆಮೇಲೆ ಹುಡುಗ ಗಂಟಲು ಸರಿಮಾಡಿಕೊಂಡು, ಹುಡುಗಿಯನ್ನು ನೋಡದೆ ಸೂರು ನೋಡುತ್ತ, "ದ್ಯುತಿಸಂಶ್ಲೇಷಣೆಯ ಸಮೀಕರಣ ಹೇಳಿ," ಎಂದರು.

ಅತ್ತೆ ಹೇಳಿದಳು. ರಾಗವನ್ನು ಬಿಟ್ಟು ಹೇಳಬೇಕೆಂದು ಮೇಷ್ಟ್ರು ಎಚ್ಚರಿಸಿದ್ದರೂ ಅಭ್ಯಾಸಬಲದಿಂದ ಅರ್ಧ ರಾಗ ಬಂದೇ ಬಂತು. ಎಡ ಸರಿ, ಬಲ ಸರಿ, ಆರು ಆರಾಗಿಯೇ ಬಂತು. ಅಪ್ಪಾಜಿಯ ತುಟಿಯೂ ಜೊತೆಗೆ ಆಡುತ್ತಿತ್ತು. ಮುಗಿದಾಗ ಅಜ್ಜಿ ನಿಟ್ಟುಸಿರು ಬಿಟ್ಟಳು.

"ಎಲ್ಲಾ ಸರಿ," ಎಂದರು ಹುಡುಗ. "ಆದ್ರೆ ಬಿಸಿಲು ಎಲ್ಲಿ?"

ಅತ್ತೆ ತಲೆ ಎತ್ತಿ ಅವರ ಮುಖವನ್ನು ನೇರವಾಗಿ ನೋಡಿದಳು. "ಬಿಸಿಲು ಹೊರಗಿದೆ. ನನ್ನನ್ನ ಒಂದು ತಿಂಗಳಿಂದ ಹೊರಗೆ ಬಿಟ್ಟಿಲ್ಲ," ಎಂದಳು.

ಮೊದಲು ನಕ್ಕವರು ಹುಡುಗ. ಕೈಯಲ್ಲಿದ್ದ ಕಾಫಿ ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಪ್ಯಾಂಟಿಗೆ ಚೆಲ್ಲುವಷ್ಟು ನಕ್ಕರು. ಅದನ್ನು ನೋಡಿ ಅಪ್ಪಾಜಿ ನಕ್ಕರು, ಸಂಬಂಧ ತಂದವರು ನಕ್ಕರು, ಹುಡುಗನ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ನಮ್ಮ ಹುಡುಗಿ ಬಲು ಚೂಟಿ," ಎಂದು ಅಜ್ಜಿ ತೇಪೆ ಹಾಕಿದಳು. ತಾಳ ಹಾಕಿದ್ದ ನಾನು ಬಾಗಿಲ ಹಿಂದೆ ಬಿದ್ದು ಬಿದ್ದು ನಕ್ಕೆ.

ಆ ವಾರದಲ್ಲೇ ಒಪ್ಪಿಗೆ ಬಂತು. ಅವರಿಗೆ ಹುಡುಗಿಯ ಆ ಒಂದು ಮಾತೇ ಹಿಡಿಸಿತಂತೆ. ಮೇಷ್ಟ್ರಿಗೆ ಶಲ್ಯ ಹೊದಿಸಿದೆವು. ಅತ್ತೆ ಮಾತ್ರ ಅಣ್ಣನ ಮುಂದೆ ನಿಂತು, ಸೆಪ್ಟೆಂಬರಿಗೆ ಪರೀಕ್ಷೆ ಕಟ್ಟಿಸು, ಆಮೇಲೆ ಮದುವೆ ಇಟ್ಟುಕೋ ಎಂದು ಕೇಳಿದಳು.

"ಇನ್ನು ಯಾಕೆ ಪರೀಕ್ಷೆ? ಅವರೇ ಎಂ.ಎಸ್ಸಿ. ಮನೇಲಿ ಒಬ್ಬರು ಓದಿದ್ರೆ ಸಾಕು. ಬೇಕಾದ್ರೆ ಮದುವೆ ಆದ್ಮೇಲೆ ಅವರನ್ನೇ ಕೇಳ್ಕೋ," ಎಂದರು ಅಪ್ಪಾಜಿ.

ಮದುವೆಯಾದ ಮೇಲೆ ಅವರನ್ನೇ ಕೇಳಿದಳಂತೆ. ಆ ವರ್ಷ ಬೇಡ ಎಂದರು. ಮುಂದಿನ ವರ್ಷ ಬಾಣಂತನ. ಅದರ ಮುಂದಿನ ವರ್ಷ ಅತ್ತೆಯ ಗಂಡನಿಗೆ, ಅಂದರೆ ನಮ್ಮ ಮಾವನಿಗೆ, ಬೇರೆ ಊರಿಗೆ ವರ್ಗವಾಯಿತು. ವಿಜ್ಞಾನ ಬಲ್ಲ ಹೆಂಡತಿ ಬೇಕೆಂದಿದ್ದವರಿಗೆ ವಿಜ್ಞಾನದಲ್ಲಿ ಪಾಸಾದ ಹೆಂಡತಿ ಬೇಕಿರಲಿಲ್ಲ ಎಂದು ಕಾಣುತ್ತದೆ. ಮಾವ ಕೆಟ್ಟವರಲ್ಲ, ಯಾರ ಮೇಲೂ ದನಿ ಎತ್ತಿದವರಲ್ಲ. ರಿಟೈರಾಗುವವರೆಗೂ ಪ್ರತಿ ವರ್ಷದ ಹೊಸ ತರಗತಿಗೆ ಈ ಹೆಣ್ಣು ನೋಡಿದ ಕಥೆ ಹೇಳಿಯೇ ದ್ಯುತಿಸಂಶ್ಲೇಷಣೆ ಶುರು ಮಾಡುತ್ತಿದ್ದರು. ಬಂದ ನೆಂಟರಿಗೂ ಹೇಳುತ್ತಿದ್ದರು. ಆ ಹೊತ್ತಿಗೆ ಅತ್ತೆ ಕಾಫಿ ತರಲು ಒಳಗೆ ಹೋಗಿರುತ್ತಿದ್ದಳು. ಮಾವ ತೀರಿಕೊಂಡ ಮೇಲೆ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲಿ ನಾಲ್ಕು ಜನ ಸೇರಿದರೂ "ನಮ್ಮತ್ತೆ ಎಂಥ ಗಟ್ಟಿಗಿತ್ತಿ ಗೊತ್ತಾ" ಎಂದು ಪೀಠಿಕೆ ಹಾಕಿ ಹೇಳುತ್ತೇನೆ. ಕೊನೆಯ ಮಾತಿಗೆ ಮೊದಲು ಒಂದು ಕ್ಷಣ ನಿಲ್ಲಿಸಬೇಕು, ಆಗ ನಗು ಚೆನ್ನಾಗಿ ಬರುತ್ತದೆ.

ಮೊನ್ನೆ ಮೊಮ್ಮಗಳು ಹೋದ ಮೇಲೆ ನಗು ತಡೆಯದೆ ಅತ್ತೆಗೆ ಫೋನು ಮಾಡಿದೆ. ಈಗ ಜೆಪಿ ನಗರದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ. ಮೊಮ್ಮಗಳೂ ಬಿಸಿಲು ಬಿಟ್ಟು ಸಮೀಕರಣ ಹೇಳಿದ್ದನ್ನು ವರ್ಣಿಸಿದೆ.

"ಸಂಜೆ ಬರ್ಲಿ, ನಿನ್ನ ಕಥೆ ಹೇಳ್ತೀನಿ ಅವಳಿಗೆ. ಎಂಥಾ ತಮಾಷೆ ಮಾಡ್ದೆ ಅತ್ತೆ ನೀನು ಅವತ್ತು," ಎಂದೆ.

ಆ ಕಡೆ ಅವಳು ಟೀವಿಯ ಸದ್ದು ಕಡಿಮೆ ಮಾಡಿದ್ದು ಕೇಳಿಸಿತು.

"ನಾನು ತಮಾಷೆಗೆ ಹೇಳ್ಲಿಲ್ಲ ಕಣೆ ಪುಟ್ಟಿ," ಎಂದಳು.

"ಮತ್ತೆ?"

"ಅವರು ಅಷ್ಟು ಓದಿದೋರು. ಎಲೆಗೆ ಬಿಸಿಲು ಬೇಕು ಅಂತ ಅರ್ಥ ಆಗಿರೋರು. ಇವರಿಗೆ ಹೇಳಿದ್ರೆ ತಿಳ್ಕೋತಾರೆ, ಅಣ್ಣನಿಗೆ ಒಂದು ಮಾತು ಹೇಳ್ತಾರೆ, ನನ್ನನ್ನ ಹೊರಗೆ ಬಿಡಿಸ್ತಾರೆ, ಪರೀಕ್ಷೆಗೂ ಕೂರಿಸ್ತಾರೆ ಅಂದ್ಕೊಂಡೆ. ಕೇಳ್ಕೊಂಡಿದ್ದು ಕಣೆ ಅದು."

ಇಷ್ಟು ವರ್ಷ ನಾನು ಅದನ್ನು ಹೇಳಿ ಊರನ್ನೆಲ್ಲ ನಗಿಸಿದ್ದೆ. "ಆಗ್ಲೇ ಯಾಕೆ ಹೇಳ್ಲಿಲ್ಲ ಅತ್ತೆ?" ಎಂದೆ.

"ಹೇಳಿದ್ನಲ್ಲ," ಎಂದಳು. "ನೀವೆಲ್ಲಾ ನಕ್ಬಿಟ್ರಿ."